ಉಪ್ಪು ಒಳಗೆ ಹೋಗುತ್ತದೆ, ಹೊರಗೆ ಏನೇನು ಬರುತ್ತದೆ?

ಪ್ರಶ್ನೆ: ನಮ್ಮ ತಾಲ್ಲೂಕಿಗೆ ಕಾಸ್ಟಿಕ್ ಸೋಡಾ ಕಾರ್ಖಾನೆ ಬರುತ್ತದೆ ಎಂಬ ಸುದ್ದಿ ಇದೆ. ಅಹವಾಲು ಸಭೆ ಕರೆಯುತ್ತಾರಂತೆ. ಐಟಿಐ ಓದುತ್ತಿರುವ ಮಗ ‘ಕೆಲಸ ಸಿಗುತ್ತೆ, ಬರಲಿ’ ಅನ್ನುತ್ತಾನೆ. ನಮ್ಮಪ್ಪ ‘ಬಾವಿ ಕೆಡುತ್ತೆ, ಬೇಡವೇ ಬೇಡ’ ಅನ್ನುತ್ತಾರೆ. ಕಂಪನಿಯವರು ಹಂಚಿದ ಹ್ಯಾಂಡ್‌ಬಿಲ್ ತುಂಬಾ ‘ದೇಶದ ಆರ್ಥಿಕ ಬೆಳವಣಿಗೆ’, ‘ಸುಸ್ಥಿರತೆ’ ಅಂತ ಇದೆ. ಕೆಮಿಕಲ್ ಉದ್ಯಮ ದೇಶಕ್ಕೆ ನಿಜವಾಗಿ ಅಷ್ಟು ಬೇಕಾ? ಬೆಳವಣಿಗೆ, ಪರಿಸರ ಎರಡೂ ಒಟ್ಟಿಗೆ ಆಗುವ ಮಾತಾ, ಇಲ್ಲ ಸುಮ್ನೆ ಬೋರ್ಡಾ?

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕೆಮಿಕಲ್ ಎಂಜಿನಿಯರ್. ಹೆಚ್ಚುಕಡಿಮೆ ಮೂವತ್ತು ವರ್ಷ ಕಾಸ್ಟಿಕ್ ಸೋಡಾ, ಅಂದರೆ ಉಪ್ಪಿನಿಂದ ತೆಗೆಯುವ ತೀಕ್ಷ್ಣ ಕ್ಷಾರ, ಮಾಡುವ ಕಾರ್ಖಾನೆಗಳಲ್ಲೇ ಶಿಫ್ಟ್ ಮಾಡಿದವನು. ಈ ಉದ್ಯಮದ ಅನ್ನ ಉಂಡಿದ್ದೇನೆ. ಹಾಗಾಗಿ ನಾನು ಹೇಳಿದ್ದನ್ನೂ ಜರಡಿ ಹಿಡಿದೇ ತೆಗೆದುಕೊಳ್ಳಿ.

ನಿಮ್ಮ ತಂದೆಯವರ ಮಾತಿಗೂ ತೂಕ ಇದೆ, ಮಗನ ಮಾತಿಗೂ ಇದೆ. ಹ್ಯಾಂಡ್‌ಬಿಲ್‌ಗೆ ಮಾತ್ರ ನಾನು ಬೆಲೆ ಕೊಡುವುದಿಲ್ಲ. ‘ಸುಸ್ಥಿರತೆ’ ಅಂತ ಅಚ್ಚು ಹಾಕಿಸಲು ಖರ್ಚೇನೂ ಆಗುವುದಿಲ್ಲ. ಅದು ಇದೆಯೋ ಇಲ್ಲವೋ ತಿಳಿಯಬೇಕಾದರೆ ಕಾರ್ಖಾನೆಯ ಲೆಕ್ಕ ನೋಡಬೇಕು. ಒಳಗೆ ಎಷ್ಟು ಹೋಯಿತು, ಅದರಲ್ಲಿ ಎಷ್ಟು ಮಾಲಾಗಿ ಗೇಟು ದಾಟಿತು, ಉಳಿದದ್ದು ಎಲ್ಲಿ? ನಮ್ಮ ಕಸುಬಿನಲ್ಲಿ ಇದಕ್ಕೆ ಮಾಸ್ ಬ್ಯಾಲೆನ್ಸ್ ಅನ್ನುತ್ತೇವೆ. ಹೆಸರು ದೊಡ್ಡದು, ವಿಷಯ ಅಡುಗೆಮನೆಯದೇ. ಎರಡು ಸೇರು ಅಕ್ಕಿ ಹಾಕಿ ಒಂದು ಸೇರಿನಷ್ಟೇ ಅನ್ನ ಬಂದರೆ ಅಮ್ಮ ಕೇಳುತ್ತಾಳಲ್ಲ, ‘ಮಿಕ್ಕಿದ್ದು ಎಲ್ಲಿ ಹೋಯ್ತು?’ ಅಂತ. ಅದೇ ಪ್ರಶ್ನೆ.

ದೇಶಕ್ಕೆ ಬೇಕಾ ಅನ್ನುವುದನ್ನು ಮೊದಲು ಮುಗಿಸೋಣ. ನಮ್ಮ ದೇಶದ ಕೆಮಿಕಲ್ ಉದ್ಯಮ ಜಿಡಿಪಿಯ ಸುಮಾರು 7 ಪರ್ಸೆಂಟ್, 80,000ಕ್ಕೂ ಹೆಚ್ಚು ಬಗೆಯ ಮಾಲು ತಯಾರಿಸುತ್ತದೆ ಎಂದು ಸರ್ಕಾರ ಹೇಳುತ್ತದೆ. ಹ್ಯಾಂಡ್‌ಬಿಲ್‌ನಲ್ಲೂ ಇದೇ ಇರಬೇಕು. ಆದರೆ ಈ ಅಂಕಿಯಿಂದ ನನಗಂತೂ ಏನೂ ಹೊಳೆಯುವುದಿಲ್ಲ. ಬೆಳಿಗ್ಗೆ ಎದ್ದ ಮೇಲೆ ಕೈಗೆ ಏನೇನು ಸಿಗುತ್ತದೆ ನೋಡಿ. ಸೋಪು: ಎಣ್ಣೆಗೆ ಕಾಸ್ಟಿಕ್ ಸೇರಿದರೇನೇ ಅದು ಸೋಪಾಗುವುದು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂದಾಗಿನಿಂದ ಈ ಮಾತು ಬದಲಾಗಿಲ್ಲ. ಪೇಪರು: ದಾಂಡೇಲಿಯಂಥ ಕಡೆ ಮರದ ಚೂರನ್ನು ಬೇಯಿಸಿ ನಾರು ಬಿಡಿಸುವ ದ್ರವದಲ್ಲಿ ಕಾಸ್ಟಿಕ್ ಇರುತ್ತದೆ. ವಿಸ್ಕೋಸ್ ಬಟ್ಟೆ: ಹರಿಹರದ ಪಕ್ಕದ ಕಾರ್ಖಾನೆಯಲ್ಲಿ ತಯಾರಾಗುವ ಪಲ್ಪು, ಅಂದರೆ ಮರದ ನಾರಿನ ಮುದ್ದೆ, ನೂಲಾಗಬೇಕಾದರೆ ಕಾಸ್ಟಿಕ್‌ನಲ್ಲಿ ನೆನೆಯಲೇಬೇಕು. ಅಲ್ಯೂಮಿನಿಯಂ ಪಾತ್ರೆ: ಬೆಳಗಾವಿಯಲ್ಲಿ ಬಾಕ್ಸೈಟ್ ಮಣ್ಣಿನಿಂದ ಅಲ್ಯೂಮಿನಾ ತೆಗೆಯುವುದು ಬಿಸಿ ಕಾಸ್ಟಿಕ್‌ನಲ್ಲಿ ಕರಗಿಸಿ. ಕಾಸ್ಟಿಕ್ ಜೊತೆಗೇ ಹುಟ್ಟುವ ಕ್ಲೋರಿನ್ ಕುಡಿಯುವ ನೀರಿಗೆ ಹೋಗುತ್ತದೆ, ಹೊಲದ ಪಿವಿಸಿ ಪೈಪಿಗೆ ಹೋಗುತ್ತದೆ, ಔಷಧಿಗೆ ಹೋಗುತ್ತದೆ.

ಇಷ್ಟಾದರೂ ಕಾಸ್ಟಿಕ್ ಡ್ರಮ್ಮನ್ನು ನಿಮ್ಮಲ್ಲಿ ಬಹಳ ಜನ ಕಣ್ಣಾರೆ ನೋಡಿರುವುದಿಲ್ಲ. ಈ ಉದ್ಯಮದ ಸ್ವಭಾವವೇ ಹಾಗೆ. ಅದರ ಗಿರಾಕಿ ಇನ್ನೊಂದು ಕಾರ್ಖಾನೆ. ಬೆಳವಣಿಗೆಯಲ್ಲಿ ಅದರ ಪಾತ್ರವೂ ಅಲ್ಲೇ ಇರುವುದು. ಒಂದು ಕಡೆ ಕಾಸ್ಟಿಕ್ ನಿಂತರೆ ಹತ್ತು ಕಡೆ ಕೆಲಸ ನಿಲ್ಲುತ್ತದೆ. ಆದ್ದರಿಂದ ‘ದೇಶಕ್ಕೆ ಬೇಕಾ’ ಅಂದರೆ ಬೇಕು. ‘ಇದೇ ಊರಲ್ಲಿ, ಹೀಗೇ ಬೇಕಾ’ ಅನ್ನುವುದು ಬೇರೆಯದೇ ಪ್ರಶ್ನೆ. ಹ್ಯಾಂಡ್‌ಬಿಲ್ ಬರೆಯುವವರು ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದಕ್ಕೂ ಕೊಟ್ಟ ಹಾಗೆ ಮಾಡುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಉಪ್ಪು ನೀರಿಗೆ ಕರೆಂಟ್ ಕೊಟ್ಟರೆ ಮೂರು ವಸ್ತು ಹುಟ್ಟುತ್ತವೆ. ಒಂದು ಟನ್ ಕಾಸ್ಟಿಕ್ ಬೇಕಾದರೆ ಸುಮಾರು ಒಂದೂವರೆ ಟನ್ ಉಪ್ಪು ಬೇಕು. ಜೊತೆಗೆ ಸುಮಾರು 885 ಕೆ.ಜಿ. ಕ್ಲೋರಿನ್, 25 ಕೆ.ಜಿ. ಹೈಡ್ರೋಜನ್ ಬಂದೇ ಬರುತ್ತವೆ. ಬೇಡ ಅಂದರೂ ಬರುತ್ತವೆ. ಕರೆಂಟ್ ಎಷ್ಟು ಅಂತೀರಾ? ಈಗಿನ ಒಳ್ಳೆಯ ಕಾರ್ಖಾನೆಯಲ್ಲೂ ಟನ್ನಿಗೆ 2,200ರಿಂದ 2,500 ಯೂನಿಟ್. ತಿಂಗಳಿಗೆ 100 ಯೂನಿಟ್ ಸುಡುವ ಮನೆಗೆ ಇದು ಎರಡು ವರ್ಷದ ಕರೆಂಟ್. ದಿನಕ್ಕೆ 200 ಟನ್ ಮಾಡುವ ಸಾಧಾರಣ ಕಾರ್ಖಾನೆಗೆ ಹಗಲೂ ರಾತ್ರಿ 20 ಮೆಗಾವ್ಯಾಟ್ ಬೇಕು. ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟಿನದೇ. ನಾವು ತಮಾಷೆಗೆ ಹೇಳುತ್ತಿದ್ದೆವು, ‘ನಾವು ಕಾಸ್ಟಿಕ್ ಮಾರೋದಲ್ಲ, ಕರೆಂಟನ್ನ ಟ್ಯಾಂಕರಿಗೆ ತುಂಬಿ ಕಳಿಸೋದು’ ಅಂತ.

ಆ ಕ್ಲೋರಿನ್ ಇದೆಯಲ್ಲ, ಅದರಲ್ಲೇ ಈ ಉದ್ಯಮದ ಜುಟ್ಟು ಇರುವುದು. ಕಾಸ್ಟಿಕ್ ದ್ರವವನ್ನು ಟ್ಯಾಂಕಿನಲ್ಲಿ ತುಂಬಿ ಇಟ್ಟುಕೊಂಡು ಕಾಯಬಹುದು. ಕ್ಲೋರಿನ್ನನ್ನು ಹಾಗೆ ರಾಶಿ ಹಾಕಿಕೊಂಡು ಕೂರುವಂತಿಲ್ಲ, ಅದು ವಿಷದ ಗಾಳಿ. ಗಿರಾಕಿ ಇಲ್ಲದ ದಿನ ಕ್ಲೋರಿನ್‌ಗಾಗಿ ಕಾಸ್ಟಿಕ್ ಉತ್ಪಾದನೆಯನ್ನೇ ಇಳಿಸಬೇಕು. ನಮ್ಮ ದೇಶದಲ್ಲಿ ಎಷ್ಟೋ ಸಲ ಕ್ಲೋರಿನ್ ಬೆಲೆ ಸೊನ್ನೆಗಿಂತ ಕೆಳಗೆ ಇಳಿದಿದೆ. ಅಂದರೆ ‘ದಯವಿಟ್ಟು ತಗೊಂಡು ಹೋಗಿ’ ಅಂತ ಗಿರಾಕಿಗೇ ದುಡ್ಡು ಕೊಟ್ಟು ಕಳಿಸುವುದು. ಇನ್ನೊಂದು ಕಡೆ, ಕ್ಲೋರಿನ್ ಸೇರಿಸಿ ಮಾಡುವ ಪಿವಿಸಿಯನ್ನು ನಾವು ಬಳಸುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ತರಿಸುತ್ತೇವೆ. ಪಿವಿಸಿಗೆ ಬೇಕಾದ ಎಥಿಲಿನ್ ಎಂಬ ಅನಿಲ ನಮ್ಮಲ್ಲಿ ಸಾಲುವಷ್ಟು ಇಲ್ಲ, ಕ್ಲೋರಿನ್ ಇರುವ ಕಡೆ ಎಥಿಲಿನ್ ಇಲ್ಲ. ವಿಚಿತ್ರ ಅಲ್ವಾ? ಒಂದೇ ವಸ್ತುವನ್ನು ಕಾಸು ಕೊಟ್ಟು ಹೊರಹಾಕುತ್ತೇವೆ, ಅದನ್ನೇ ಇನ್ನೊಂದು ರೂಪದಲ್ಲಿ ಕಾಸು ಕೊಟ್ಟು ಹಡಗಿನಲ್ಲಿ ತರಿಸುತ್ತೇವೆ. ನೆರೆಹೊರೆ ನೋಡದೆ ಒಂಟಿಯಾಗಿ ಕಟ್ಟಿದ ಕೆಮಿಕಲ್ ಕಾರ್ಖಾನೆ ಲಾಭಕ್ಕೂ ಒದ್ದಾಡುತ್ತದೆ, ಪರಿಸರಕ್ಕೂ ತೊಂದರೆ ಕೊಡುತ್ತದೆ. ನಿಮ್ಮೂರಿಗೆ ಬರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲೇ ಇದೆ: ಕ್ಲೋರಿನ್ ಯಾರಿಗೆ, ಪೈಪಿನಲ್ಲೋ ಲಾರಿಯಲ್ಲೋ? ಪಕ್ಕದ ಜಾಗದಲ್ಲೇ ಅದನ್ನು ಬಳಸುವವರಿದ್ದರೆ ಪೈಪು ಸಾಕು. ಇಲ್ಲದಿದ್ದರೆ 900 ಕೆ.ಜಿ. ಕ್ಲೋರಿನ್ ಹಿಡಿಯುವ ಟನ್ನರ್‌ಗಳನ್ನು ಹೊತ್ತ ಲಾರಿಗಳು ನಿಮ್ಮ ರಸ್ತೆಯಲ್ಲಿ, ನಿಮ್ಮ ಶಾಲೆಯ ಮುಂದೆ ಓಡಾಡುತ್ತವೆ.

ಬೆಳವಣಿಗೆ ಮತ್ತು ಪರಿಸರ ಒಟ್ಟಿಗೆ ಹೋಗುತ್ತವಾ ಎಂದು ಕೇಳಿದ್ದೀರಿ. ಹೋದದ್ದಿದೆ. ಹೇಗೆ ಹೋದವು ಅನ್ನುವುದು ಮುಖ್ಯ, ಅದಕ್ಕೆ ಎರಡು ಕಥೆ ಹೇಳುತ್ತೇನೆ.

ಮೊದಲನೆಯದು ಹಳೆಯದು, ಇಂಗ್ಲೆಂಡಿನದು. ಗಾಜು, ಸೋಪು, ಬಟ್ಟೆ ಉದ್ಯಮಕ್ಕೆ ಸೋಡಾ (ಕಾಸ್ಟಿಕ್ ಅಲ್ಲ, ವಾಷಿಂಗ್ ಸೋಡಾ) ಬೇಕಾಗಿತ್ತು. ಫ್ರಾನ್ಸಿನ ನಿಕೊಲಾ ಲೆಬ್ಲಾಂ ಉಪ್ಪಿನಿಂದ ಸೋಡಾ ಮಾಡುವ ವಿಧಾನಕ್ಕೆ 1791ರಲ್ಲಿ ಪೇಟೆಂಟ್ ಪಡೆದ. ಮುಂದೆ ಲಿವರ್‌ಪೂಲ್ ಸುತ್ತಮುತ್ತ, ಸೇಂಟ್ ಹೆಲೆನ್ಸ್, ವಿಡ್ನೆಸ್ ಊರುಗಳಲ್ಲಿ ಸಾಲುಸಾಲು ಕಾರ್ಖಾನೆ ಎದ್ದವು. ಉಪ್ಪಿಗೆ ಗಂಧಕಾಮ್ಲ ಸುರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಅದನ್ನು ಚಿಮಣಿಯಿಂದ ಸೀದಾ ಆಕಾಶಕ್ಕೆ ಬಿಟ್ಟರು. ಸುತ್ತಲ ಮರಗಳು ಒಣಗಿದವು, ಪೈರು ಸುಟ್ಟಿತು. ರೈತರು ಕೋರ್ಟಿಗೆ ಹೋದರು. ಮಾಲೀಕರು ಏನು ಮಾಡಿದರು ಗೊತ್ತಾ? ಚಿಮಣಿಯನ್ನು ಇನ್ನೂ ಎತ್ತರಕ್ಕೆ ಕಟ್ಟಿದರು. ಹೊಗೆ ಪಕ್ಕದ ಊರು ಬಿಟ್ಟು ಅದರಾಚೆಯ ಊರಿನ ಮೇಲೆ ಇಳಿಯಿತು.

ಆ ಹೊಗೆಯನ್ನು ಹಿಡಿಯುವ ಉಪಾಯ ಆಗಲೇ ಗೊತ್ತಿತ್ತು. ವಿಲಿಯಂ ಗಾಸೇಜ್ ಎಂಬವನು 1836ರಲ್ಲೇ ಒಂದು ಗೋಪುರ ಮಾಡಿ ತೋರಿಸಿದ್ದ. ಒಳಗೆ ಕಟ್ಟಿಗೆ ಪುಳ್ಳೆ ತುಂಬಿ, ಮೇಲಿನಿಂದ ನೀರು ಹನಿಸಿ, ಕೆಳಗಿನಿಂದ ಹೊಗೆ ಬಿಟ್ಟರೆ ಆಮ್ಲ ನೀರಿಗೆ ಇಳಿಯುತ್ತದೆ. ಅಷ್ಟೇ. ಆದರೆ ಹಾಕಲೇಬೇಕು ಎಂಬ ಕಟ್ಟುಪಾಡು ಇಲ್ಲದ್ದರಿಂದ ಬಹಳ ಮಂದಿ ಹಾಕಲಿಲ್ಲ. 1863ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಆಲ್ಕಲಿ ಕಾಯ್ದೆ ತಂದಿತು. ಹೊಗೆಯ ಆಮ್ಲದಲ್ಲಿ 95 ಪರ್ಸೆಂಟ್ ಹಿಡಿಯಲೇಬೇಕು ಅಂದಿತು, ನೋಡಿಕೊಳ್ಳಲು ಇನ್‌ಸ್ಪೆಕ್ಟರ್‌ನನ್ನೂ ನೇಮಿಸಿತು. ರಾಬರ್ಟ್ ಆಂಗಸ್ ಸ್ಮಿತ್ ಎಂಬ ಆ ಇನ್‌ಸ್ಪೆಕ್ಟರೇ ‘ಆಮ್ಲ ಮಳೆ’ ಎಂಬ ಮಾತನ್ನು ಚಾಲ್ತಿಗೆ ತಂದವನು.

ಮುಂದಿನದು ನನಗೆ ಇಷ್ಟವಾದ ಭಾಗ. ಬಲವಂತಕ್ಕೆ ಹಿಡಿದ ಆಮ್ಲ ಕೈಯಲ್ಲಿ ಕೂತಿತು. ಅದನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸತ್ತವು, ಮತ್ತೆ ಗಲಾಟೆ. ಆಗ ವೆಲ್ಡನ್, ಡೀಕನ್ ಎಂಬಿಬ್ಬರು ಆ ಆಮ್ಲದಿಂದ ಕ್ಲೋರಿನ್ ತೆಗೆಯುವ ಒಳ್ಳೆಯ ವಿಧಾನಗಳನ್ನು ಕಂಡುಕೊಂಡರು. ಕ್ಲೋರಿನ್‌ನಿಂದ ಬ್ಲೀಚಿಂಗ್ ಪೌಡರ್. ಬಟ್ಟೆ, ಪೇಪರ್ ಮಿಲ್ಲುಗಳು ಅದನ್ನು ಮುಗಿಬಿದ್ದು ಕೊಂಡವು. ಆಮೇಲೆ ಬೆಲ್ಜಿಯಂನ ಸಾಲ್ವೆ ಅಗ್ಗದ ಸೋಡಾ ತಂದು ಲೆಬ್ಲಾಂ ಕಾರ್ಖಾನೆಗಳ ಬುಡಕ್ಕೆ ನೀರು ಬಂದಾಗ, ಅವು ಎಷ್ಟೋ ವರ್ಷ ಉಸಿರಾಡಿದ್ದು ಈ ಬ್ಲೀಚಿಂಗ್ ಪೌಡರ್ ಮಾರಿಯೇ. ಒಂದು ಕಾಲಕ್ಕೆ ಹೊಗೆ ಅಂತ ಆಕಾಶಕ್ಕೆ ಬಿಟ್ಟಿದ್ದರಲ್ಲ, ಅದೇ ಮಾಲು. ಮಾಲೀಕರಿಗೆ ಲಾಭ ಆಯಿತು, ನಿಜ. ಕಾಯ್ದೆ ಬರುವ ಮುಂಚೆ ಆ ಲಾಭ ಬಹಳ ಮಂದಿಯ ಕಣ್ಣಿಗೆ ಬಿದ್ದಿರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಎರಡನೆಯದು ನಾನೇ ಕಂಡದ್ದು. 1980ರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆ ಸೇರಿದ ಕಾರ್ಖಾನೆ, ಹೆಸರು ಬೇಡ, ಪಾದರಸದ ಸೆಲ್‌ಗಳದ್ದು. ಉದ್ದನೆಯ ಕಬ್ಬಿಣದ ದೋಣಿಯಂಥ ತೊಟ್ಟಿಗಳು, ಒಂದು ಕಡೆಗೆ ಸ್ವಲ್ಪ ಇಳಿಜಾರು. ತಳದಲ್ಲಿ ಪಾದರಸ ತೆಳ್ಳಗೆ ಹರಿಯುತ್ತಿರುತ್ತದೆ, ಮೇಲೆ ಉಪ್ಪು ನೀರು. ಕರೆಂಟ್ ಕೊಟ್ಟಾಗ ಸೋಡಿಯಂ ಪಾದರಸದೊಳಗೆ ಸೇರಿಕೊಳ್ಳುತ್ತದೆ. ಮುಂದಿನ ಪಾತ್ರೆಯಲ್ಲಿ ನೀರು ಸಿಕ್ಕಾಗ ಬಿಟ್ಟುಕೊಟ್ಟು ಕಾಸ್ಟಿಕ್ ಆಗುತ್ತದೆ. ಪಾದರಸ ಪಂಪಿನಲ್ಲಿ ಮತ್ತೆ ತೊಟ್ಟಿಗೆ. ಕಾಗದದ ಮೇಲೆ ಪಾದರಸ ಖರ್ಚಾಗುವುದೇ ಇಲ್ಲ, ಸುಮ್ನೆ ಸುತ್ತುತ್ತದೆ.

ನೆಲದ ಮೇಲೆ ಕಥೆ ಬೇರೆ. ಸೆಲ್‌ಹೌಸಿನ ನೆಲದ ಬಿರುಕುಗಳಲ್ಲಿ ಬೆಳ್ಳಿ ಮಣಿಗಳು ಮಿನುಗುತ್ತಿದ್ದವು. ಅವುಗಳ ಮೇಲೆ ಗಂಧಕದ ಪುಡಿ ಚೆಲ್ಲಿ ಗುಡಿಸುತ್ತಿದ್ದರು. ನಮ್ಮ ಮೂತ್ರ ಆಗಾಗ ಪರೀಕ್ಷೆಗೆ ಹೋಗುತ್ತಿತ್ತು. ಪಾದರಸ ಜಾಸ್ತಿ ಬಂದವರನ್ನು ಒಂದಷ್ಟು ತಿಂಗಳು ಬೇರೆ ವಿಭಾಗಕ್ಕೆ ಹಾಕುತ್ತಿದ್ದರು. ವರ್ಷದ ಕೊನೆಗೆ ಸ್ಟೋರಿನಿಂದ ಕಬ್ಬಿಣದ ಫ್ಲಾಸ್ಕ್‌ಗಳು ಬರುತ್ತಿದ್ದವು. ಒಂದೊಂದರಲ್ಲಿ 34 ಕೆ.ಜಿ. ಚಿಲ್ಲರೆ ಪಾದರಸ. ಎತ್ತಲು ಹೋದರೆ ಚಿಕ್ಕ ಬಾಟಲಿ ನೆಲಕ್ಕೆ ಅಂಟಿಕೊಂಡ ಹಾಗೆ ಅನ್ನಿಸುತ್ತಿತ್ತು. ಕಡಿಮೆಯಾದದ್ದಕ್ಕೆ ಅದನ್ನು ಸುರಿದು ತುಂಬಿಸುವುದು. ಖರ್ಚೇ ಆಗದ ಪಾದರಸ ಕಡಿಮೆ ಹೇಗಾಯಿತು? ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇತ್ತು, ‘ಲೆಕ್ಕಕ್ಕೆ ಸಿಗದ ನಷ್ಟ’. ಹೊಸಬ ನಾನು. ಮೇಲಿನವರೊಬ್ಬರನ್ನು ಕೇಳಿದೆ, ‘ಸಾರ್, ಇದು ಎಲ್ಲಿಗೆ ಹೋಗುತ್ತೆ?’ ಅಂತ. ಅವರು ಕಿಟಕಿ ಕಡೆ ಒಮ್ಮೆ ನೋಡಿ, ‘ಟೀ ಕುಡ್ದಿದ್ಯೇನಪ್ಪಾ?’ ಅಂದರು.

ಅದು ಎಲ್ಲಿಗೆ ಹೋಗುತ್ತಿತ್ತು ಎಂದು ಆಮೇಲೆ ಕಲಿತೆ. ಸ್ವಲ್ಪ ಹೈಡ್ರೋಜನ್ ಜೊತೆ, ಸ್ವಲ್ಪ ಸೆಲ್‌ಹೌಸಿನ ಬಿಸಿಗಾಳಿ ಜೊತೆ, ಸ್ವಲ್ಪ ಉಪ್ಪು ತೊಳೆದ ಕೆಸರಿನ ಜೊತೆ, ಸ್ವಲ್ಪ ಮೋರಿ ನೀರಿನ ಜೊತೆ. ನೀರಿಗೆ ಸೇರಿದ ಪಾದರಸ ಏನು ಮಾಡುತ್ತದೆ ಎಂದು ಜಪಾನಿನ ಮಿನಮಾಟ ಊರು ಜಗತ್ತಿಗೆ ತೋರಿಸಿತು. ಅಲ್ಲಿದ್ದದ್ದು ಕಾಸ್ಟಿಕ್ ಕಾರ್ಖಾನೆಯ ಪಾದರಸ ಅಲ್ಲ, ಅಸೆಟಾಲ್ಡಿಹೈಡ್ ಎಂಬ ಇನ್ನೊಂದು ವಸ್ತು ಮಾಡುವಾಗ ಬಳಸಿದ್ದು. ಸಮುದ್ರಕ್ಕೆ ಹೋಗಿ, ಮೀನಿಗೆ ಹೋಗಿ, ಮೀನು ತಿಂದ ಜನರ ನರಕ್ಕೆ ಹೋಯಿತು. ರೋಗ ಅಧಿಕೃತವಾಗಿ ಪತ್ತೆಯಾದದ್ದು 1956ರಲ್ಲಿ. ಆ ಕಾರ್ಖಾನೆ ಪಾದರಸದ ವಿಧಾನ ನಿಲ್ಲಿಸಿದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷವನ್ನು ನೆನಪಿಡಿ.

ಆ ಏಟಿಗೆ ಜಪಾನ್ ಸರ್ಕಾರ 1973ರಲ್ಲಿ ಕಾಸ್ಟಿಕ್ ಕಾರ್ಖಾನೆಗಳೂ ಪಾದರಸದ ಬಳಕೆ ಬಿಡಬೇಕು ಎಂದು ತೀರ್ಮಾನಿಸಿತು. ಬಿಟ್ಟು ಏನು ಮಾಡುವುದು? ಅಲ್ಲಿಂದ ಹುಟ್ಟಿದ್ದೇ ಮೆಂಬ್ರೇನ್ ಸೆಲ್. ಪ್ಲಾಸ್ಟಿಕ್ ಹಾಳೆಯಂಥ ಒಂದು ಪೊರೆ. ಸೋಡಿಯಂ ಅನ್ನು ಮಾತ್ರ ಆ ಕಡೆಗೆ ಬಿಡುತ್ತದೆ, ಕ್ಲೋರಿನ್ನನ್ನು ಈ ಕಡೆ ತಡೆಯುತ್ತದೆ. 1975ರಲ್ಲಿ ಜಪಾನಿನಲ್ಲೇ ಮೊದಲ ದೊಡ್ಡ ಕಾರ್ಖಾನೆ ನಡೆಯಿತು. ನಮ್ಮ ದೇಶಕ್ಕೆ 1980ರ ದಶಕದಲ್ಲಿ ಬಂತು, ಆದರೆ ಹಳೆಯವರು ಬೇಗ ಬದಲಾಗಲಿಲ್ಲ. ಪೊರೆ ಹೊರದೇಶದ್ದು, ದುಬಾರಿ, ಮೇಲಾಗಿ ಭಾರೀ ಮಡಿ. ಉಪ್ಪು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ನೂರು ಕೋಟಿಯಲ್ಲಿ ಇಪ್ಪತ್ತು ಮೂವತ್ತು ಪಾಲು ಮೀರಿದರೂ ಅದಕ್ಕೆ ಮೈಲಿಗೆ! 2003ರಲ್ಲಿ ಕೇಂದ್ರ ಸರ್ಕಾರ ಉದ್ಯಮಗಳ ಜೊತೆ ಒಂದು ಒಪ್ಪಂದ ಪಟ್ಟಿ ಮಾಡಿಕೊಂಡು ಪಾದರಸ ಬಿಡಲು ಗಡುವು ಹಾಕಿದ ಮೇಲೆ ಕೆಲಸ ಚುರುಕಾಯಿತು. ನಮ್ಮ ಕಾರವಾರದ ಪಕ್ಕ ಬಿಣಗಾದಲ್ಲಿರುವ ಕಾರ್ಖಾನೆಯೂ ಪಾದರಸ ಬಿಟ್ಟು ಮೆಂಬ್ರೇನ್‌ಗೆ ಬಂದದ್ದೇ.

ಬದಲಾದ ಮೇಲೆ ಲೆಕ್ಕ ನೋಡಿದರೆ ನಗು ಬರುತ್ತದೆ. ಪಾದರಸದ ಸೆಲ್‌ಗೆ ಟನ್ನಿಗೆ 3,000 ಯೂನಿಟ್‌ಗಿಂತ ಜಾಸ್ತಿ ಬೇಕಾಗುತ್ತಿತ್ತು. ಮೆಂಬ್ರೇನ್‌ಗೆ ಆರೇಳು ನೂರು ಯೂನಿಟ್ ಕಡಿಮೆ. ದಿನಕ್ಕೆ 200 ಟನ್ನಿನ ಕಾರ್ಖಾನೆಯಲ್ಲಿ ದಿನವೊಂದಕ್ಕೆ ಒಂದು ಲಕ್ಷ ಯೂನಿಟ್‌ಗಿಂತ ಹೆಚ್ಚು ಉಳಿತಾಯ. ವರ್ಷಗಟ್ಟಲೆ ‘ಪರಿಸರದ ಹೆಸರಲ್ಲಿ ನಮ್ಮನ್ನು ಮುಳುಗಿಸುತ್ತಾರೆ’ ಎಂದು ಗೊಣಗಿದವರೇ ಆಮೇಲೆ ಉಳಿದ ಕರೆಂಟಿನ ಲೆಕ್ಕ ತೋರಿಸಿ ಬೀಗಿದರು. ನಾನೂ ಗೊಣಗಿದವರ ಪೈಕಿಯೇ, ಸುಳ್ಳು ಹೇಳುವುದಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಹೌದು, ಎರಡೂ ಒಟ್ಟಿಗೆ ಆಗುತ್ತವೆ. ಆದರೆ ಬಿಸಾಡಿದ್ದಕ್ಕೆ ಕಂಪನಿ ಬೆಲೆ ತೆರಬೇಕಾಗಿ ಬಂದಾಗ ಮಾತ್ರ. ಆ ಬೆಲೆಯನ್ನು ಕಂಪನಿ ತಾನಾಗಿ ತನ್ನ ಮೇಲೆ ಹಾಕಿಕೊಂಡದ್ದನ್ನು ನನ್ನ ಸರ್ವಿಸ್‌ನಲ್ಲಿ ನೋಡಿಲ್ಲ. ಕಾಯ್ದೆ ಹಾಕಿದೆ, ಕೋರ್ಟು ಹಾಕಿದೆ, ಊರಿನವರು ಹಾಕಿದ್ದಾರೆ. ಊರಿನವರು ಅಂದಾಗ ನೆನಪಾಯಿತು. 1987ರ ನವೆಂಬರ್‌ನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಗೋಮಾಳದಲ್ಲಿ ನೆಟ್ಟಿದ್ದ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಆ ನೀಲಗಿರಿ ಹರಿಹರದ ಪಲ್ಪ್ ಕಾರ್ಖಾನೆಗಾಗಿ ನೆಟ್ಟದ್ದು. ಅದಕ್ಕೆ ಮುಂಚೆಯೇ ತುಂಗಭದ್ರೆಯ ಮೀನು ಸಾಯುವ ಬಗ್ಗೆ ದೊಡ್ಡ ಕೂಗು ಎದ್ದಿತ್ತು. ಕಾರ್ಖಾನೆಯ ಮೋರಿಯನ್ನಷ್ಟೇ ನೋಡಿದರೆ ಸಾಲದು, ಅದರ ಬಾಯಿಗೆ ಎಲ್ಲಿಂದ ಏನು ಹೋಗುತ್ತದೆ ಎಂದೂ ನೋಡಬೇಕು ಅಂತ ನಮಗೆಲ್ಲ ಕಲಿಸಿದವರು ಆ ಹಳ್ಳಿಯವರು.

ಈಗಿನ ‘ಗ್ರೀನ್’ ಮಾತುಗಳನ್ನೂ ಇದೇ ಲೆಕ್ಕದಲ್ಲಿ ಹಿಡಿಯಿರಿ. ಪಾದರಸ ಇಲ್ಲ ಅನ್ನುವುದು ಈಗ ಹೆಗ್ಗಳಿಕೆಯೇ ಅಲ್ಲ. ಹೊಸ ಕಾರ್ಖಾನೆಗೆ ಮೆಂಬ್ರೇನ್ ಬಿಟ್ಟು ದಾರಿಯೇ ಇಲ್ಲ. ಕರೆಂಟ್ ಎಲ್ಲಿಂದ ಅಂತ ಕೇಳಿ. ಕಲ್ಲಿದ್ದಲಿನದಾದರೆ ಒಂದು ಟನ್ ಕಾಸ್ಟಿಕ್ ಹಿಂದೆ ಎರಡು ಟನ್‌ಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಏಳುತ್ತದೆ. ಮಾಲಿಗಿಂತ ಹೊಗೆಯೇ ಭಾರ. ಗಾಳಿ, ಸೋಲಾರ್ ಕರೆಂಟನ್ನು ಸೇರಿಸಿಕೊಳ್ಳಲು ಇಂದು ಕಷ್ಟವಿಲ್ಲ, ಮೆಂಬ್ರೇನ್ ಸೆಲ್ಲನ್ನು ಒಂದು ಮಟ್ಟದವರೆಗೆ ಏರಿಸಿ ಇಳಿಸಿ ಓಡಿಸಬಹುದು. ರಾತ್ರಿಗೆ ಏನು ಅನ್ನುವುದು ಮಾತ್ರ ಕೇಳಬೇಕಾದ ಮಾತು. ಇಂಧನ ಉಳಿತಾಯದ ಗುರಿ ಹಾಕುವ ಕೇಂದ್ರದ ಯೋಜನೆಯಲ್ಲಿ 2012ರಿಂದಲೇ ಕಾಸ್ಟಿಕ್-ಕ್ಲೋರಿನ್ ಉದ್ಯಮ ಇದೆ. ಈಗ ಕಾರ್ಬನ್‌ಗೂ ಗುರಿ ಬಂದಿದೆ.

ಇನ್ನೊಂದು ಮಾತು ಹ್ಯಾಂಡ್‌ಬಿಲ್‌ನಲ್ಲಿ ಇದ್ದೇ ಇರುತ್ತದೆ, ಜೀರೋ ಲಿಕ್ವಿಡ್ ಡಿಸ್ಚಾರ್ಜ್. ಒಂದು ಹನಿ ಕೊಳೆನೀರೂ ಗೇಟು ದಾಟುವುದಿಲ್ಲ ಎಂದರ್ಥ. ಒಳ್ಳೆಯದೇ. ಆದರೆ ನೀರನ್ನು ಕುದಿಸಿ ಆವಿ ಮಾಡಿದ ಮೇಲೆ ತಳದಲ್ಲಿ ಕೊಳಕು ಉಪ್ಪು ಉಳಿಯುತ್ತದೆ. ಅದು ಅಡುಗೆಗೂ ಬರುವುದಿಲ್ಲ, ಸೆಲ್‌ಗೂ ಬರುವುದಿಲ್ಲ. ಕುದಿಸಲು ಬಾಯ್ಲರ್ ಉರಿಯಬೇಕು. ಅಂದರೆ ನೀರಿನ ಗಲೀಜು ಸ್ವಲ್ಪ ಹೊಗೆಯಾಯಿತು, ಉಳಿದದ್ದು ಗೋಣಿಚೀಲಕ್ಕೆ ಬಂತು. ಆ ಗೋಣಿಚೀಲ ಮಳೆಗೆ ನೆನೆಯುತ್ತ ಶೆಡ್ಡಿನ ಹೊರಗೆ ಬಿದ್ದಿದ್ದರೆ ನಿಮ್ಮ ತಂದೆಯವರ ಭಯ ಸರಿ. ಅದು ದಾಬಸ್‌ಪೇಟೆ ಹತ್ತಿರ ಇರುವಂಥ ಅಪಾಯಕಾರಿ ತ್ಯಾಜ್ಯದ ಗುಂಡಿಗೆ ರಸೀದಿ ಸಮೇತ ಹೋಗುತ್ತಿದ್ದರೆ ಬೇರೆ ಮಾತು.

ಬಾವಿಗಿಂತ ದೊಡ್ಡ ಭಯ ಗಾಳಿಯದು. 1984ರ ಡಿಸೆಂಬರ್‌ನಲ್ಲಿ ಭೋಪಾಲ್. ಮರುವರ್ಷ ಡಿಸೆಂಬರ್‌ನಲ್ಲೇ ದೆಹಲಿಯಲ್ಲಿ ಓಲಿಯಂ, ಅಂದರೆ ಹೊಗೆಯಾಡುವ ಗಂಧಕಾಮ್ಲದ ಸೋರಿಕೆ. ಅದೇ ಕೇಸಿನಲ್ಲಿ ಸುಪ್ರೀಂ ಕೋರ್ಟು, ಅಪಾಯದ ಉದ್ಯಮ ನಡೆಸುವವರು ‘ನಮ್ಮ ತಪ್ಪಿಲ್ಲ’ ಅಂತ ಜಾರಿಕೊಳ್ಳುವಂತಿಲ್ಲ, ಹಾನಿಯಾದರೆ ಪರಿಹಾರ ಕೊಡಲೇಬೇಕು ಎಂದಿತು. ಕ್ಲೋರಿನ್ ಸೋರಿದರೆ ನಾವು ಪತ್ತೆ ಮಾಡುತ್ತಿದ್ದ ರೀತಿ ಹೇಳುತ್ತೇನೆ. ಒಂದು ಕೋಲಿನ ತುದಿಗೆ ಬಟ್ಟೆ ಸುತ್ತಿ ಅಮೋನಿಯಾದಲ್ಲಿ ಅದ್ದಿ ಪೈಪಿನ ಜಾಯಿಂಟ್ ಉದ್ದಕ್ಕೂ ಹಿಡಿದುಕೊಂಡು ಹೋಗುವುದು. ಸೋರುವ ಕಡೆ ಊದುಬತ್ತಿ ಹಚ್ಚಿದ ಹಾಗೆ ಬಿಳಿ ಹೊಗೆ ಏಳುತ್ತದೆ. ಈಗ ಸೆನ್ಸರ್ ಬಂದಿವೆ. ಆದರೂ ಆ ಕೋಲು ಹೋಗಿಲ್ಲ. ಒಳಗಿರುವವನಿಗೆ ಎತ್ತ ಓಡಬೇಕು ಎಂದು ಗೊತ್ತಿರುತ್ತದೆ. ಮೊದಲು ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ನೋಡು, ಗಾಳಿಗೆ ಅಡ್ಡಲಾಗಿ ಓಡು, ತಗ್ಗಿಗೆ ಇಳಿಯಬೇಡ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲೇ ಕೂರುತ್ತದೆ. ಹೊರಗಿನ ಊರಿನವರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಅದೇ ನನಗೆ ಸಿಟ್ಟು ಬರಿಸುವ ಸಂಗತಿ. ಸೈರನ್ ಕೇಳಿದರೆ ಏನು ಮಾಡಬೇಕು ಎಂದು ಊರಿನ ಮಕ್ಕಳಿಗೂ ಗೊತ್ತಿರಬೇಕು. ಅಣಕು ಕಾರ್ಯಾಚರಣೆ ಗೇಟಿನ ಹೊರಗೂ ಆಗುತ್ತದಾ ಅಂತ ಸಭೆಯಲ್ಲಿ ಕೇಳಿ.

ಮಗನ ಕೆಲಸದ ವಿಷಯ. ಇಂಥ ಕಾರ್ಖಾನೆಗೆ ಕೋಟಿಗಟ್ಟಲೆ ದುಡ್ಡು ಬೇಕು, ಜನ ಹೆಚ್ಚು ಬೇಡ. ಕೆಲವು ನೂರು ಮಂದಿ, ಅದರಲ್ಲಿ ಗುತ್ತಿಗೆಯವರು ಬಹಳ. ಊರಿನವರಿಗೆ ಸಾಮಾನ್ಯವಾಗಿ ಸಿಗುವುದು ಲೋಡಿಂಗ್, ಸೆಕ್ಯುರಿಟಿ, ಕ್ಯಾಂಟೀನ್. ಕಂಟ್ರೋಲ್ ರೂಮಿನ ಕುರ್ಚಿ ಬೇಕಾದರೆ ಓದು ಅದಕ್ಕೆ ಹೊಂದಬೇಕು. ಐಟಿಐನಲ್ಲಿ ‘ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್’ ಎಂಬ ಟ್ರೇಡೇ ಇದೆ. ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟ್ ಟ್ರೇಡಿನವರಿಗೂ ಅವಕಾಶ ಇದೆ. ಅವನು ಯಾವ ಟ್ರೇಡ್ ಅಂತ ನೀವು ಬರೆದಿಲ್ಲ. ಫಿಟ್ಟರ್ ಆಗಿದ್ದರೂ ಕಾಸ್ಟಿಕ್ ಪ್ಲಾಂಟಿನಲ್ಲಿ ಕಲಿತವನನ್ನು ಗುಜರಾತಿನ ದಹೇಜ್ ಕಡೆ ಕರೆದು ಕೆಲಸ ಕೊಡುತ್ತಾರೆ. ಅಂದರೆ ಕೆಲಸ ಕಲಿತ ಮಗ ಊರಲ್ಲೇ ಉಳಿಯುತ್ತಾನೆ ಅನ್ನುವ ಖಾತ್ರಿ ಇಲ್ಲ.

ಸಭೆಯ ಬಗ್ಗೆ ಕೆಲವು ಕೆಲಸದ ಮಾತು. ಜಾಗ ಅಧಿಕೃತ ಕೈಗಾರಿಕಾ ಪ್ರದೇಶದೊಳಗಿದ್ದರೆ ಕೆಲವು ಸಂದರ್ಭದಲ್ಲಿ ಅಹವಾಲು ಸಭೆಯೇ ಇರುವುದಿಲ್ಲ. ನಿಮ್ಮಲ್ಲಿ ಕರೆಯುತ್ತಿದ್ದಾರೆ ಅಂದರೆ ಅವಕಾಶ ಬಿಡಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಪರಿಸರ ಪರಿಣಾಮದ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆ ವಿಡಿಯೋ ಆಗುತ್ತದೆ, ನೀವು ಕೇಳಿದ್ದು, ಅವರು ಹೇಳಿದ್ದು ನಡಾವಳಿಯಲ್ಲಿ ಬರಬೇಕು. ಅದಕ್ಕೇ ಘೋಷಣೆ ಕೂಗುವುದಕ್ಕಿಂತ ಅಂಕಿ ಕೇಳಿ. ಟನ್ನಿಗೆ ಎಷ್ಟು ನೀರು, ಯಾವ ಹೊಳೆಯಿಂದ, ಬೇಸಿಗೆಯಲ್ಲಿ ಎಷ್ಟು. ಉಪ್ಪು ತೊಳೆದ ಕೆಸರು ದಿನಕ್ಕೆ ಎಷ್ಟು ಟನ್, ಎಲ್ಲಿ ಇಡುತ್ತೀರಿ. ಹೈಡ್ರೋಜನ್ ಬಳಸುತ್ತೀರಾ, ಗಾಳಿಗೆ ಬಿಡುತ್ತೀರಾ. ಕ್ಲೋರಿನ್ ಯಾರಿಗೆ. ಹೇಳಿದ ಅಂಕಿಗೂ ಆಮೇಲೆ ನಡೆಯುವುದಕ್ಕೂ ತಾಳೆ ನೋಡಲು ದಾರಿ ಇದೆ. ಇಂಥ ಪ್ರತಿ ಕಾರ್ಖಾನೆ ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಫಾರಂ 5ರಲ್ಲಿ ಪರಿಸರ ಹೇಳಿಕೆ ಕೊಡಬೇಕು. ಒಂದು ಟನ್ ಮಾಲಿಗೆ ಎಷ್ಟು ನೀರು, ಎಷ್ಟು ಕಚ್ಚಾವಸ್ತು, ಎಷ್ಟು ತ್ಯಾಜ್ಯ ಎಂದು ಅದರಲ್ಲಿ ಇರುತ್ತದೆ. ನಾನು ಹೇಳಿದ ಅಕ್ಕಿ-ಅನ್ನದ ಲೆಕ್ಕ ಅದೇ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಬಹುದು.

ಕೊನೆಗೆ ನಿಮ್ಮ ತಂದೆಯವರ ಬಾವಿ. ಇದನ್ನು ಮಾತ್ರ ಈ ತಿಂಗಳೇ ಮಾಡಿ, ಕಾರ್ಖಾನೆ ಬರುತ್ತೋ ಇಲ್ಲವೋ ಎಂದು ಕಾಯಬೇಡಿ. ಬಾವಿಯ ನೀರನ್ನು ಮಾನ್ಯತೆ ಇರುವ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ. ಪಿಎಚ್, ಒಟ್ಟು ಕರಗಿದ ಲವಣ, ಕ್ಲೋರೈಡ್, ಸೋಡಿಯಂ, ಸಲ್ಫೇಟ್ ಇಷ್ಟು ಸಾಕು. ಕಾಸ್ಟಿಕ್ ಕಾರ್ಖಾನೆ ಸೋರಿದರೆ ಮೊದಲು ಮೇಲೇಳುವುದು ಇವೇ. ಬೇಸಿಗೆಯಲ್ಲಿ ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ. ಅಕ್ಕಪಕ್ಕದ ನಾಲ್ಕು ಬಾವಿ, ಬೋರ್‌ವೆಲ್ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು, ಖರ್ಚೂ ಹಂಚಿಹೋಗುತ್ತದೆ. ಲ್ಯಾಬಿನ ಸೀಲು, ತಾರೀಖು ಇರುವ ಆ ಕಾಗದವನ್ನು ಪಹಣಿ ಇಟ್ಟಿರುವ ಟ್ರಂಕಿನಲ್ಲೇ ಇಡಿ. ನಾಳೆ ನೀರು ಉಪ್ಪಾದರೆ ‘ನಿಮ್ಮ ಬಾವಿ ಮೊದಲೇ ಹಾಗಿತ್ತು’ ಅನ್ನುತ್ತಾರೆ. ನಾನು ಆ ಕಡೆ ಕೂತಿದ್ದಾಗ ನಮ್ಮವರು ಹೇಳುತ್ತಿದ್ದದ್ದೂ ಅದನ್ನೇ. ಎದುರಿಗಿದ್ದವರ ಹತ್ತಿರ ತೋರಿಸಲು ಕಾಗದ ಇರುತ್ತಿರಲಿಲ್ಲ.